ಗುಂಪು ಫೋಟೋದಲ್ಲಿ ರೊಟ್ಟಿ ಗಂಟು

ಪ್ರವಾಸ ಏಜೆಂಟರಾಗಿ ಆಗಷ್ಟೇ ಕೆಲಸ ಶುರು ಮಾಡಿದ್ದ ನಮಗೆಲ್ಲ, ಸ್ವಂತ ಹೋಟೆಲುಗಳಿದ್ದ ಯಾತ್ರಾ ಕಂಪನಿಯೊಂದು ತನ್ನ ಏಜೆನ್ಸಿ ಕೊಡುವ ಮುನ್ನ ಕಲಘಟಗಿ ಹತ್ತಿರದ ರೆಸಾರ್ಟಿನಲ್ಲಿ ತರಬೇತಿ ಶಿಬಿರ ನಡೆಸಿತ್ತು. ಬೆಂಗಳೂರಿನಿಂದ ಬಂದ ತರಬೇತುದಾರರ ಮೊದಲ ಪಾಠ, ಗಿರಾಕಿಗೆ ಎಂದೂ 'ಆಗುವುದಿಲ್ಲ' ಅನ್ನಬಾರದು ಎಂಬುದು. ನನ್ನ ಪಕ್ಕ ಕೂತಿದ್ದ ಶಲವಡಿಯ ಹುಡುಗಿಗೆ ಸದಾ ಆ 'ಆಗುವುದಿಲ್ಲ'ವೇ ಬಾಯಲ್ಲಿ. ಇಂಗ್ಲಿಷಿನಲ್ಲಿ ಪರಿಚಯ ಹೇಳಿ ಎಂದರೆ ದುಪಟ್ಟಾ ಸೊಂಟಕ್ಕೆ ಬಿಗಿದು, ಗದ್ದ ಎತ್ತಿ, "ಆಗೂದಿಲ್ರಿ" ಅಂದಳು. ಊಟದ ಹೊತ್ತಿಗೆ ಬಫೆ ಬಿಟ್ಟು ಮನೆಯಿಂದ ತಂದ ರೊಟ್ಟಿ ಗಂಟು ಬಿಚ್ಚಿ ನಮಗೂ ಹಂಚುತ್ತಿದ್ದಳು.

ಕೊನೆಯ ದಿನ ತರಬೇತುದಾರರು ಅವಳನ್ನು ಎದುರು ಕೂರಿಸಿಕೊಂಡರು. "ನಿಮ್ಮ ಕಡೆ ಹೆಂಗಸರು ಯಾತ್ರೆಗೆ ರೊಟ್ಟಿ ಕಟ್ಕೊಂಡೇ ಹೊರಡ್ತಾರೆ. ನಮ್ಮ ಹೋಟೆಲಿನಲ್ಲಿ ಹೊರಗಿನ ಊಟಕ್ಕೆ ಅವಕಾಶ ಇಲ್ಲ. ಅದನ್ನ ಬುಕಿಂಗ್ ಮಾಡುವಾಗ ಹೇಳಬೇಡಿ. ಬಸ್ಸು ಬಿಟ್ಟ ಮೇಲೆ ನಗ್ತಾ ಹೇಳಿ."

"ಆಗೂದಿಲ್ರಿ."

"ಹಾಗಾದ್ರೆ ನಮ್ಮ ಏಜೆನ್ಸಿ ಸಿಗಲ್ಲ."

"ಬ್ಯಾಡ್ರಿ. ನಮ್ಮ ಓಣಿ ಅವ್ವಾರ ಗಂಟು ಬಾಗಿಲದಾಗ ಇಡಿಸಿ ಅವರನ್ನ ಒಳಗ ಕರಕೊಂಡ ಹೋಗೂದು ನನ್ನಿಂದ ಆಗೂದಿಲ್ರಿ. ಗಂಟಿನ ಸಂಗಟ ಒಳಗ ಬಿಡೂ ಧರ್ಮಶಾಲೆ ಹುಡುಕತೀನಿ."

ಏಜೆನ್ಸಿ ನಮಗೆಲ್ಲ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಹೊರಡುವ ಮುನ್ನ ಗುಂಪು ಫೋಟೋ ತೆಗೆಯುವಾಗ, ಅರ್ಧ ಖಾಲಿಯಾದ ಗಂಟನ್ನು ಎದೆಗವಚಿಕೊಂಡು ಅವಳು ಮುಂದಿನ ಸಾಲಿನ ನಡುವೆ ನಿಂತಳು.

"ಆ ಗಂಟು ಕೆಳಗಿಡಮ್ಮ," ಎಂದರು ತರಬೇತುದಾರರು.

ಅವಳು ಗದ್ದ ಎತ್ತಿದಳು. ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ನಾನು ಅಂದೆ, "ಆಗೂದಿಲ್ರಿ."