ನಾನು ಬಿಗಿದ ಸ್ಕ್ರೂ

“ಇದೇನ್ರಿ, ನಡುಬೆನ್ನಿಗೆ ಬಳಿ ಒತ್ತಿದ್ಹಂಗ ಗುರುತು ಬಿದ್ದದ? ತಂಗಿ ಲಗ್ನದಾಗ ಇದನ್ನ ಹ್ಯಾಂಗ ತೊಡ್ಲಿ?”

ಔರಾದದಿಂದ ಬೀದರಿನ ನಮ್ಮ ಮನೆಗೆ ಬಂದಿದ್ದ ಹೆಣ್ಣುಮಗಳು ಕುಪ್ಪಸದ ಮಖಮಲ್ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ನನ್ನ ಸೊಸೆ ಮಷಿನ್ ಕಸೂತಿಯಲ್ಲಿ ಹಾಕಿದ ನವಿಲು ಚೆಂದವಿತ್ತು. ಅದರ ಸುತ್ತ, ಕಸೂತಿ ಹಾಕುವಾಗ ಬಟ್ಟೆಯನ್ನು ಬಿಗಿಹಿಡಿಯುವ ರಿಂಗು ಒತ್ತಿದ ಗೆರೆ ಮಾತ್ರ ಹಬೆ ಕೊಟ್ಟರೂ ಹೋಗಿರಲಿಲ್ಲ.

“ನನ್ನ ಕಡಿಂದ ತಪ್ಪಾಗ್ಯಾದ್ರಿ ಅಕ್ಕ. ಬ್ಯಾರೆ ಬಟ್ಟಿ ತಂದು ಹಾಕಿಕೊಡ್ತೇನಿ,” ಎಂದಳು ಸೊಸೆ.

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಮಖಮಲ್ಲಿಗೆಂದೇ ಅವಳು ಅರಿವೆ ಸುತ್ತಿದ ರಿಂಗು ಆರಿಸಿಕೊಂಡಿದ್ದಳು. ಹಿಂದಿನ ಸಂಜೆ ಕೆಲಸ ಅರ್ಧಕ್ಕೆ ಬಿಟ್ಟು ಏಳುವಾಗ ಬಟ್ಟೆ ನಲುಗದಿರಲೆಂದು ಅದರ ಸ್ಕ್ರೂ ಸಡಿಲಿಸಿದ್ದಳು. ನಲ್ಲಿಯಾಗಲಿ ಚಿಲಕವಾಗಲಿ ಸಡಿಲ ಇರಬಾರದೆಂಬುದು ನನ್ನ ಶಿಸ್ತು. ಮನೆ ಸುತ್ತು ಹಾಕುವಾಗ ಆ ಸ್ಕ್ರೂವನ್ನೂ ಗಟ್ಟಿಯಾಗಿ ಬಿಗಿದುಬಿಟ್ಟಿದ್ದೆ. ಸೊಸೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಆಕೆ ಹೋದ ಮೇಲೆ ಸೊಸೆ ಚಹಾ ತಂದಿಟ್ಟು ಮೆಲ್ಲಗೆ ಅಂದಳು: “ಮಾವಾರ, ಇನ್ನ ಮ್ಯಾಲಿಂದ ರಿಂಗಿನ ಸ್ಕ್ರೂ ಹಂಗೇ ಬಿಡ್ರಿ.”

ಅವಳಿಗೆ ಮೊದಲೇ ಗೊತ್ತಿತ್ತು. ಸಂಜೆಯ ಸುತ್ತು ಈಗಲೂ ತಪ್ಪಿಸುವುದಿಲ್ಲ. ಮಷಿನ್ ಹತ್ತಿರ ಬಂದಾಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ.