ಅಂಟಿಸಿದ ಕಾಗದ ಬಿಚ್ಚಿದವನು

ಕಾಗದದ ಅಂಟು ನೋಡಿ ಆ ಮನೆಯ ಅಡಿಗೆ ಹೇಳಬಲ್ಲೆ ಎಂದರೆ ನೀವು ನಗಬಹುದು. ಇನ್‌ಲ್ಯಾಂಡ್ ಪತ್ರದ ಅಂಚಿಗೆ ಸರಕಾರ ಸವರಿ ಕೊಡುತ್ತಿದ್ದ ಗೋಂದಿನ ಮೇಲೆ ನಮ್ಮ ಸೀಮೆಯವರಿಗೆ ಎಂದೂ ಪೂರ್ಣ ವಿಶ್ವಾಸವಿರಲಿಲ್ಲ; ಅದರ ಮೇಲೆ ಮನೆಯ ಅಂಟೊಂದನ್ನು ಹಚ್ಚದ ಹೊರತು ಅವರಿಗೆ ಸಮಾಧಾನವಿಲ್ಲ. ಗಂಗಾವತಿ, ಸಿದ್ದಾಪುರದ ಕಾಲುವೆ ಕಡೆಯ ಪತ್ರಗಳಲ್ಲಿ ಅನ್ನದ ಅಗುಳು ಒಣಗಿ ಕೂತಿರುತ್ತಿತ್ತು. ಯಲಬುರ್ಗಾ, ಕುಷ್ಟಗಿಯ ಎರೆನೆಲದ ಪತ್ರಗಳು ಜೋಳದ ಹಿಟ್ಟಿನ ಗಂಜಿಯಿಂದ ಬಿಗಿದುಕೊಂಡಿರುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಈ ಊರುಗಳ ನಡುವಿನ ಒಂದು ಅಂಚೆ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಊರು ಎಂದು ಕೇಳಬೇಡಿ. ಅನ್ಯರ ಗುಟ್ಟಿಗೆ ಕೈಹಾಕಿ ಒಮ್ಮೆ ಸುಟ್ಟುಕೊಂಡವನು ನಾನು.

ಅವು ತುರ್ತು ಪರಿಸ್ಥಿತಿಯ ದಿನಗಳು. ನಮ್ಮೂರ ಹೈಸ್ಕೂಲಿನ ಶಂಕ್ರಪ್ಪ ಮಾಸ್ತರರು ಯಾವುದೋ ಸಭೆಯಲ್ಲಿ ಏನೋ ಅಂದರಂತೆ. ಏನಂದರೆಂಬುದು ಯಾರಿಗೂ ಗೊತ್ತಿರಲಿಲ್ಲ, ಅಂದದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಪೊಲೀಸ್ ಜಮಾದಾರರು ಬಂದು, ಮಾಸ್ತರರ ಹೆಸರಿಗೆ ಬರುವ ಕಾಗದಗಳನ್ನು ಬಿಚ್ಚಿ, ತಮಗೆ ತೋರಿಸಿ, ಮತ್ತೆ ಅಂಟಿಸಿ ಬಟವಾಡೆಗೆ ಬಿಡಬೇಕೆಂದು ಬಾಯಿಮಾತಿನ ಅಪ್ಪಣೆ ಕೊಟ್ಟರು. “ದೇಶದ ಕೆಲಸ ಐತ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಎಂದರು. ಅಲ್ಲಿಯವರೆಗೆ ದೇಶ ನನಗೆ ಯಾವ ಕೆಲಸವನ್ನೂ ಹೇಳಿರಲಿಲ್ಲವಾದ್ದರಿಂದ ಎರಡು ದಿನ ನಾನು ಎದೆ ಸೆಟೆಸಿಕೊಂಡೇ ನಡೆದೆ.

ಕಚೇರಿಯ ಚಹದ ಕಿಟ್ಲಿಯೇ ನನ್ನ ಆಯುಧ. ಅದರ ಬಾಯಿಂದ ಬರುವ ಆವಿಗೆ ಹಿಡಿದರೆ ಸರಕಾರದ ಗೋಂದು ಕೂಡಲೇ ಸೋಲೊಪ್ಪುತ್ತಿತ್ತು. ಜೋಳದ ಗಂಜಿ ಮಾತ್ರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಹೀಗೆ ಬೆರಳು ಬೇಯಿಸಿಕೊಂಡು ನಾನು ಪತ್ತೆಹಚ್ಚಿದ್ದೇನೆಂದರೆ, ಮಾಸ್ತರರಿಗೆ ಬರುತ್ತಿದ್ದುದು ವಾರಕ್ಕೊಂದು ಕಾಗದ, ಅದೂ ಚೊಚ್ಚಲ ಹೆರಿಗೆಗೆ ತಳಕಲ್ಲಿನ ತವರಿಗೆ ಹೋಗಿದ್ದ ಹೆಂಡತಿ ನೀಲಮ್ಮನದು. “ನಿಮ್ಮ ಒಂದು ಅಂಗಿ ನನ್ನ ಟ್ರಂಕಿನ್ಯಾಗ ಬಂದೈತಿ. ಒಗದಿಲ್ಲ. ಒಗಿಯಾಕ ಮನಸ್ಸು ಬರವಲ್ದು” ಎಂದು ಬರೆದಿದ್ದಳು. ಈ ವಾಕ್ಯದಲ್ಲಿ ರಾಷ್ಟ್ರಕ್ಕೆ ಅಪಾಯಕಾರಿಯಾದದ್ದೇನೂ ಕಾಣಲಿಲ್ಲ. ನನ್ನ ಸಂಸಾರಕ್ಕಂತೂ ಕೊಂಚ ಕಂಡಿತು. ಅಂದು ಸಂಜೆ ಮನೆಗೆ ಹೋಗಿ, ಹೆಂಡತಿಯ ಮುಂದೆ ಒಂದೆರಡು ಅಕ್ಕರೆಯ ಮಾತಾಡಿದೆ. ಆಕೆ ಹಣೆ ಮುಟ್ಟಿ ನೋಡಿ, “ಜ್ವರಾ ಬಂದಾವೇನ್ರಿ?” ಎಂದಳು.

ಜಮಾದಾರರಿಗೂ ಸಂಕಟವೇ. “ಕೂಸು ಭಾಳ ಒದಿತೈತಿ ಅಂತ ಬರದಾಳಲ್ರಿ, ಯಾವ ಕೂಸು?” ಎಂದು ಒಮ್ಮೆ ಹುಬ್ಬು ಗಂಟಿಕ್ಕಿ ಕೇಳಿದರು. “ಹೊಟ್ಟ್ಯಾಗಿಂದ್ರಿ” ಎಂದೆ. ನಾಲ್ಕು ಮಕ್ಕಳ ತಂದೆಯಾದ ಅವರು ಕೆಂಪಾಗಿ ಕಾಗದ ಮಡಚಿ, “ಮ್ಯಾಲಿನವ್ರು ಕೇಳಿದ್ರ ಏನರ ಹೇಳಬೇಕಲ್ರಿ” ಎಂದು ಗೊಣಗಿದರು. ದೇಶಕ್ಕೆ ಕಾವಲು ಬೇಡವೆನ್ನುವಷ್ಟು ಮುಗ್ಧ ನಾನಲ್ಲ. ಊರೆಂದ ಮೇಲೆ ತಳವಾರನಿರಬೇಕು; ಆದರೆ ತಳವಾರನ ಜಾಗ ಊರ ಅಗಸೆಯ ಬಾಗಿಲೇ ಹೊರತು ಗಂಡಹೆಂಡಿರು ಮಾತಾಡುವ ಕೋಣೆಯಲ್ಲ. ಇದು ಈಗ ತಿಳಿದು ಬರೆಯುತ್ತಿರುವ ಮಾತು. ಆಗ ನಾನು ಮುಂದಿನ ವಾರದ ಕಾಗದಕ್ಕಾಗಿ, ನಾಚಿಕೆಯಿಲ್ಲದೆ, ಮಾಸ್ತರರಿಗಿಂತ ಹೆಚ್ಚು ಆತುರದಿಂದ ಕಾಯುತ್ತಿದ್ದೆ.

ಒಂದು ಸೋಮವಾರ ಬಂದ ಕಾಗದದಲ್ಲಿ ನಾಲ್ಕೇ ಸಾಲು. “ದಿನಾ ತುಂಬ್ಯಾವ. ನನಗ ಭಾಳ ಅಂಜಿಕಿ ಆಗೈತಿ. ಅವ್ವಗ ಹೇಳಿಲ್ಲ, ನಿಮಗಷ್ಟ ಹೇಳೀನಿ. ಇದು ಮುಟ್ಟಿದ ಕೂಡಲೇ ಬರ್ರಿ.” ಜಮಾದಾರರು ಬಂದೋಬಸ್ತಿಗೆಂದು ರಾಯಚೂರಿಗೆ ಹೋಗಿದ್ದರು, ಅವರು ನೋಡದೆ ಕಾಗದ ಬಿಡುವಂತಿಲ್ಲ, ಅವರು ಬರುವುದು ಬುಧವಾರ. ‘ನಿಮಗಷ್ಟ’ ಎಂದು ಆಕೆ ಬರೆದದ್ದು ನನ್ನ ಮೇಜಿನ ಮೇಲೆ ಬಿದ್ದಿತ್ತು. ಅವಳ ಅಂಜಿಕೆ ಲೋಕದಲ್ಲಿ ಗೊತ್ತಿದ್ದುದು ನನಗೊಬ್ಬನಿಗೇ, ಗೊತ್ತಿರಬೇಕಾದವರು ನಾಲ್ಕು ಹೆಜ್ಜೆಯಾಚೆ ಬೀಜಗಣಿತ ಹೇಳುತ್ತಿದ್ದರು. ನನಗೆ ಕೂರಲಾಗಲಿಲ್ಲ; ಶಾಲೆಗೆ ಹೋಗಿ ಅವರನ್ನು ಹೊರಗೆ ಕರೆದೆ.

“ಮಾಸ್ತರ, ಇವತ್ತಿನ ಬಸ್ಸಿಗೇ ತಳಕಲ್ಲಿಗೆ ಹೋಗ್ರಿ” ಎಂದೆ.

“ಯಾಕ್ರಿ? ಕಾಗದ ಬಂದೈತೇನು?”

ನಾನು ತಲೆ ತಗ್ಗಿಸಿದೆ. ಅವರು ಬುದ್ಧಿವಂತರು. “ಎಷ್ಟು ದಿನದಿಂದ ಓದಾಕತ್ತೀರಿ?” ಎಂದು ಮೆಲ್ಲಗೆ ಕೇಳಿದರು.

“ಎರಡು ತಿಂಗಳಾತ್ರಿ.”

ಅವರು ಬೈಯಲಿಲ್ಲ, ಬೈದಿದ್ದರೆ ಛಲೋ ಇತ್ತು. ಕೈಯ ಸೀಮೆಸುಣ್ಣ ಧೋತರಕ್ಕೆ ಒರೆಸಿಕೊಂಡು ಬಸ್ಸಿನ ಕಡೆ ಓಡಿದರು. ಮರುದಿನ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಕ್ಷೇಮ.

ನಮ್ಮ ಕಡೆ ಕಾಗದದ ಕೊನೆಗೆ ಹಿರಿಯರಿಗೆಲ್ಲ ಶರಣು, ಕಿರಿಯರಿಗೆಲ್ಲ ಆಶೀರ್ವಾದ ಹೇಳಿ, ಯಾರೊಬ್ಬರನ್ನೂ ಬಿಡದೆ ಮುಗಿಸುವುದು ರೂಢಿ. ಮಾಸ್ತರರು ಮರಳಿದ ಮೇಲೆ ಬಂದ ಕಾಗದದ ಕೊನೆಗೆ ನೀಲಮ್ಮ ಬರೆದಿದ್ದಳು: “ಹೆಡ್‌ಮಾಸ್ತರರಿಗೆ ಶರಣು. ಬಾಜೂ ಮನಿ ಅಕ್ಕಾರಿಗೆ ಶರಣು. ನಮ್ಮ ಕಾಗದ ಓದೂ ಅಣ್ಣಾರಿಗೂ ಶರಣು.”

ಸುಳ್ಳೇಕೆ, ಮೊದಲು ನನಗೆ ಹಿಗ್ಗಾಯಿತು. ಬಳಿಕ ಆ ಸಾಲಿನ ಮೇಲಿನದನ್ನು ಓದಿದೆ. ನಾವೆಲ್ಲ ಕ್ಷೇಮ. ಕೂಸು ಆರಾಮ. ಮಳೆ ಅಷ್ಟಕ್ಕಷ್ಟೆ. ಚಾವಡಿಯಲ್ಲಿ ನಿಂತು ಗಟ್ಟಿಯಾಗಿ ಓದಬಹುದಾದ ಕಾಗದ. ಅಂಗಿಯಿಲ್ಲ, ಅಂಜಿಕೆಯಿಲ್ಲ. ನನಗೆ ಮಣೆ ಹಾಕಿ ಕೂರಿಸಿ, ಅವರಿಬ್ಬರೂ ಎದ್ದು ಹೋಗಿದ್ದರು. ಅದನ್ನು ಹಿಡಿದುಕೊಂಡು ನಾನು ಅತ್ತೆ.

ಅಂದಿನಿಂದ ನಾನು ಬಿಚ್ಚಲಿಲ್ಲ. ಜಮಾದಾರರಿಗೆ “ಕ್ಷೇಮ ಸಮಾಚಾರ, ಬ್ಯಾರೇನಿಲ್ರಿ” ಎಂದುಬಿಡುತ್ತಿದ್ದೆ. ಅವರಿಗೂ ಅದೇ ಬೇಕಾಗಿತ್ತು. ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ನಕ್ಕು, “ಖರೆ ಇರಬಹುದ್ರಿ. ಆದ್ರ ಆಕಿ ಹ್ಯಾಂಗ ನಂಬಬೇಕು?” ಎಂದರು.

ಐದು ತಿಂಗಳ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಬೆಳಿಗ್ಗೆ ನೀಲಮ್ಮ ಕಚೇರಿಗೆ ಬಂದಳು. ಅದೇ ಮೊದಲ ಸಲ ಆಕೆಯ ಮುಖ ನೋಡಿದ್ದು. ಕೆಂಪು ಡಬ್ಬಿ ಬಾಗಿಲಲ್ಲೇ ಇತ್ತು. ಆಕೆ ಅದನ್ನು ದಾಟಿ ಒಳಬಂದು, ಅಂಟಿಸಿದ ಕಾಗದವೊಂದನ್ನು ನನ್ನ ಕೈಗೇ ಕೊಟ್ಟಳು.

“ತಂಗಿಗೆ ಬರದೀನ್ರಿ, ಅಣ್ಣಾರ. ಹುಷಾರಾಗಿ ಕಳಸ್ರಿ.”

ಮೊಹರು ಒತ್ತಿ ಚೀಲಕ್ಕೆ ಹಾಕಿದೆ. ಅದರಲ್ಲಿ ನನಗೊಂದು ಶರಣು ಇತ್ತೋ ಇಲ್ಲವೋ ತಿಳಿಯದು. ಇರಲಿಲ್ಲವೆಂದೇ ಇಂದಿಗೂ ನನ್ನ ಆಸೆ.