ಚಿಕ್ಕಮಾದು ಕರಗಿಸದ ಸೀಸ

ನನಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ, ಸಂಜೆಯಾದರೆ ಪೇಟೆ ಕಡೆ ಮುಖ ಮಾಡುವ ಅಭ್ಯಾಸವೂ ಇಲ್ಲ. ಈ ಮಾತನ್ನು ನನ್ನ ಹೆಂಡತಿ ಭಾಗ್ಯಮ್ಮ ಮೊದಲೆಲ್ಲ ನೆಂಟರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದಳು. ಈಗ ಅದೇ ಮಾತನ್ನು ಹಣೆ ಚಚ್ಚಿಕೊಂಡು ಹೇಳುತ್ತಾಳೆ. ನನಗಿರುವ ಒಂದೇ ಒಂದು ಚಟ ಹತ್ತು ಟನ್ ತೂಗುತ್ತದೆ. ಕಟ್ಟೆಮಳಲವಾಡಿಯಲ್ಲಿ ನಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕ, ತಗಡಿನ ಚಪ್ಪರದ ಕೆಳಗೆ ನಿಂತಿದೆ.

ಅದೊಂದು ರಸ್ತೆ ರೋಲರ್. ಡೀಸೆಲ್‌ನದ್ದಲ್ಲ, ಉಗಿಯದು. ಮುಂದೆ ದಪ್ಪ ಉರುಳು, ನೆತ್ತಿಯ ಮೇಲೆ ಹೊಗೆಕೊಳವೆ, ಹೊಟ್ಟೆಯಲ್ಲಿ ಬಾಯ್ಲರ್, ಹಿಂದೆ ಡ್ರೈವರ್ ನಿಲ್ಲುವ ಕಟ್ಟೆ. ಆರು ವರ್ಷದ ಹಿಂದೆ ಬ್ಯಾರನ್‌ಗೆ ಹಳೇ ಕಬ್ಬಿಣದ ಪೈಪು ಸಿಗುತ್ತದೇನೋ ಎಂದು ಪಿರಿಯಾಪಟ್ಟಣದ ಕಡೆ ಒಬ್ಬ ಗುತ್ತಿಗೆದಾರರ ಪಾಳು ಶೆಡ್ಡಿಗೆ ಹೋಗಿದ್ದೆ. ಪೊದೆಯೊಳಗೆ ಇದು ನಿಂತಿತ್ತು. ಮೂರು ದಿನ ಬಿಟ್ಟು ಲಾರಿಯಲ್ಲಿ ಮನೆಗೆ ಬಂತು. ಭಾಗ್ಯಮ್ಮ ಅದನ್ನು ಸುತ್ತು ಹಾಕಿ ನೋಡಿ, ಪೈಪ್ ಎಲ್ಲಿ ಅಂತ ಕೇಳಿದಳು. ಪೈಪ್ ತರುವುದನ್ನು ನಾನು ಮರೆತೇಬಿಟ್ಟಿದ್ದೆ.

ಅಲ್ಲಿಂದ ನನ್ನ ಬಾಯಲ್ಲಿ ದೊಡ್ಡ ದೊಡ್ಡ ಮಾತುಗಳು ಶುರುವಾದವು. ಪರಂಪರೆ ಅಂದೆ, ಸಂರಕ್ಷಣೆ ಅಂದೆ. ಸೀಮೆಎಣ್ಣೆಯಲ್ಲಿ ತುಕ್ಕು ಉಜ್ಜುತ್ತ ಎರಡು ವರ್ಷ ಕಳೆದೆ. ಇಂಗ್ಲೆಂಡಿನ ಮುದುಕರು ಇಂಥದ್ದೇ ಎಂಜಿನ್ ಓಡಿಸುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಅವರ ವಿದ್ಯೆ ಬಾರದಿದ್ದರೂ ಅವರ ಟೋಪಿ ತರಿಸಿಕೊಂಡೆ. ಹುಣಸೂರಿನ ಬಿಸಿಲಿಗೆ ಉಣ್ಣೆ ಟೋಪಿ ಹಾಕಿ ಓಡಾಡುವ ಗಂಡಸು ತಾಲ್ಲೂಕಿಗೆ ನಾನೊಬ್ಬನೇ ಇರಬೇಕು. ಒಮ್ಮೆ ಬೈಲಕುಪ್ಪೆಯ ಇಬ್ಬರು ಲಾಮಾಗಳು ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಇದು ಓಡುತ್ತದೆಯೇ ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. ಅವರಲ್ಲಿ ಚಿಕ್ಕವರು ಉರುಳಿನ ಮೇಲೆ ಕೈಯಿಟ್ಟು, ನಮ್ಮ ಟ್ರ್ಯಾಕ್ಟರೂ ಹೀಗೇ ಇದೆ ಎಂದು ಸಮಾಧಾನ ಹೇಳಿ ಹೋದರು. ಈ ಕಥೆಗಳನ್ನೆಲ್ಲ ಮದುವೆ ಮನೆಗಳಲ್ಲಿ ನಾನೇ ಹೇಳಿ ಜನರನ್ನು ನಗಿಸುತ್ತಿದ್ದೆ. ನನ್ನನ್ನು ನಾನೇ ಗೇಲಿ ಮಾಡಿಕೊಂಡರೆ ಬೇರೆಯವರಿಗೆ ಮಾಡಲು ಏನೂ ಉಳಿಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಹಾಗೆ ಒಂದು ಮದುವೆಯಲ್ಲಿ ಹೇಳಿದ್ದು ಎಚ್.ಡಿ. ಕೋಟೆ ಕಡೆಯ ಚಿಕ್ಕಮಾದು ಅವರ ಕಿವಿಗೆ ಬಿತ್ತು. ಎಂಬತ್ತರ ಮೇಲೆ ಒಂದು ವಯಸ್ಸು, ಸಣಕಲು ಆಳು, ಎಲ್ಲರ ಬಾಯಲ್ಲೂ ಮಾದಣ್ಣ. ಎರಡು ಬಸ್ಸು ಬದಲಾಯಿಸಿ ಬಂದವರು ನನ್ನನ್ನು ಮಾತೂ ಆಡಿಸದೆ ನೆಟ್ಟಗೆ ರೋಲರ್ ಹತ್ತಿರ ಹೋದರು. ಬೆಂಕಿ ಗೂಡಿನ ಬಾಗಿಲು ತೆಗೆದು ತಲೆ ತೂರಿಸಿದರು. ಒಳಗಡೆ ಚಾವಣಿಯನ್ನು ಕೈಯಿಂದ ತಡವಿದರು. ಮಸಿಯಾದ ಬೆರಳನ್ನು ಹೊರಗೆ ತೆಗೆದು ಹೇಳಿದರು:

“ಪ್ಲಗ್ಗು ನಾನಾಕಿದ್ದೇ ಐತೆ ಕಣ್ರೀ.”

ಹದಿನೆಂಟನೇ ವಯಸ್ಸಿಗೆ ಬೆಂಕಿ ಹಾಕುವ ಆಳಾಗಿ ಅದೇ ಗುತ್ತಿಗೆದಾರರ ಬಳಿ ಸೇರಿ, ಆಮೇಲೆ ಡ್ರೈವರ್ ಆಗಿ, ಡೀಸೆಲ್ ರೋಲರ್ ಬಂದು ಮನೆಗೆ ಕಳಿಸುವವರೆಗೆ ಇಪ್ಪತ್ತೈದು ವರ್ಷ ಅವರು ಇದೇ ಯಂತ್ರದ ಮೇಲೆ ನಿಂತಿದ್ದರು. ಕೋಟೆ ರಸ್ತೆ, ಕೆ.ಆರ್. ನಗರದ ರಸ್ತೆ, ಎಷ್ಟೋ ಅದುಮಿದ್ದರು. ಅದನ್ನೆಲ್ಲ ಅವರು ದೊಡ್ಡದು ಮಾಡಿ ಹೇಳುತ್ತಿರಲಿಲ್ಲ. ಅವರಿಗಿದ್ದ ಹೆಮ್ಮೆ ಒಂದೇ, ಆ ಪ್ಲಗ್ಗು.

ಅದೇನೆಂದು ನನಗೂ ಅವರೇ ಹೇಳಿಕೊಟ್ಟದ್ದು. ಬೆಂಕಿ ಗೂಡಿನ ಚಾವಣಿಯಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ಮೇಲೆ ನೀರು ನಿಂತಿರುವವರೆಗೆ ಅದಕ್ಕೆ ಏನೂ ಆಗುವುದಿಲ್ಲ. ನೀರು ಇಳಿಯಿತೋ, ಸೀಸ ಕರಗಿ ತೂತಾಗಿ ಉಗಿಯೆಲ್ಲ ಬೆಂಕಿಯ ಮೇಲೆ ಸುರಿದು ಆರಿಸಿಬಿಡುತ್ತದೆ. ಬಾಯ್ಲರ್ ಉಳಿಯುತ್ತದೆ, ಡ್ರೈವರನ ಮಾನ ಉಳಿಯುವುದಿಲ್ಲ. ಸೀಸ ಕರಗಿಸಿದವನು ಅಂದರೆ ನೀರು ನೋಡದೆ ಮೈಮರೆತವನು. ಆ ಕಾಲದ ಡ್ರೈವರುಗಳು ಅಂಥವನ ಜೊತೆ ಬೀಡಿ ಬೆಂಕಿಯನ್ನೂ ಹಂಚಿಕೊಳ್ಳುತ್ತಿರಲಿಲ್ಲವಂತೆ. ಇಪ್ಪತ್ತೈದು ವರ್ಷದಲ್ಲಿ ಮಾದಣ್ಣ ಒಂದು ಸಲವೂ ಸೀಸ ಕರಗಿಸಿರಲಿಲ್ಲ.

ಎಂಟು ತಿಂಗಳು ವಾರಕ್ಕೆರಡು ದಿನ ಬಂದು ಅವರು ರೋಲರನ್ನು ರಿಪೇರಿ ಮಾಡಿದರು. ಕೊಪ್ಪದ ಗುಜರಿ ಅಂಗಡಿಯಲ್ಲಿ ಹಿತ್ತಾಳೆ ನಲ್ಲಿ ಹುಡುಕಿದರು. ನಾನು ಸ್ಪಾನರ್ ಹಿಡಿದುಕೊಂಡು ನಿಲ್ಲುತ್ತಿದ್ದೆ, ಸಾಮಾನ್ಯವಾಗಿ ಅವರಿಗೆ ಬೇಡದ ಸ್ಪಾನರ್. ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟರು. ಬೆಂಕಿ ಹಾಕಿದಾಗಲೆಲ್ಲ ಮಾದಣ್ಣನಂಥ ಅನುಭವಸ್ಥರು ಪಕ್ಕದಲ್ಲೇ ಇರಬೇಕೆಂದು ನನ್ನ ಟೋಪಿ ನೋಡಿಕೊಂಡೇ ಹೇಳಿದರು.

ಮೊದಲ ಪ್ರದರ್ಶನ ಕೆ.ಆರ್. ನಗರದ ಒಂದು ಮೈದಾನದಲ್ಲಿ. ಏರ್ಪಡಿಸಿದವರು ನೀಲಕಂಠಸ್ವಾಮಿ, ನಿವೃತ್ತ ಡ್ರಿಲ್ ಮೇಷ್ಟ್ರು, ಹಳೇ ಯಂತ್ರಗಳ ಹುಚ್ಚಿನಲ್ಲಿ ನನಗಿಂತ ಒಂದು ಕೈ ಮೇಲು. ಆಯಿಲ್ ಎಂಜಿನ್ನು, ಗ್ರಾಮಫೋನು, ಕಬ್ಬು ಅರೆಯುವ ಗಾಣ ಎಲ್ಲ ಇದ್ದವು. ಆದರೆ ಜನ ನೆರೆದದ್ದು ನಮ್ಮ ರೋಲರ್ ಸುತ್ತ. ಮಾದಣ್ಣ ಇಸ್ತ್ರಿ ಮಾಡಿದ ಖಾಕಿ ಶರ್ಟು ಹಾಕಿಕೊಂಡು ಬಂದು, ಬೆಳಕು ಹರಿಯುತ್ತಲೇ ಬೆಂಕಿ ಹಚ್ಚಿದರು. ಹತ್ತು ಗಂಟೆಗೆ ಅದು ಉಸಿರಾಡಲು ಶುರು ಮಾಡಿತು. ನಾನು ಮೇಲೆ ನಿಂತು ಟೋಪಿ ಹಾಕಿಕೊಂಡು, ಬಂದವರಿಗೆಲ್ಲ ಸೀಟಿ ಊದಿ ತೋರಿಸುತ್ತಿದ್ದೆ.

ಒಂದು ಗಂಟೆಗೆ ಊಟಕ್ಕೆ ಕರೆದರು. ಮಾದಣ್ಣ ಬೆಂಕಿ ಬಿಟ್ಟು ಬರುವುದಿಲ್ಲ ಅಂದರು. ನಾನೇ ಬಲವಂತ ಮಾಡಿದೆ. ಮೂವತ್ತು ವರ್ಷದಿಂದ ಬ್ಯಾರನ್ ನಡೆಸಿದವನು, ಬೆಂಕಿ ನನಗೇನು ಹೊಸದೇ ಅಂದೆ. ಅವರು ಕೆಳಗಿಳಿದು ಮತ್ತೆ ತಿರುಗಿ, ನನ್ನ ಮೊಣಕೈ ಪಕ್ಕದಲ್ಲಿದ್ದ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಮುಟ್ಟಿ ತೋರಿಸಿದರು.

“ಗೌಡ್ರೆ, ಬೆಂಕಿ ನೋಡ್ಬ್ಯಾಡಿ, ಮುಳ್ಳು ನೋಡ್ಬ್ಯಾಡಿ. ಇದ್ರಾಗಿರೋ ನೀರ್ ನೋಡಿ, ಅಷ್ಟೆಯ. ಇಳೀತಾ ಬಂದ್ರೆ ನನ್ನ ಕೂಗಿ.”

ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವನ ಕಣ್ಣು ಪಳಗಿರುವುದು ಒಂದೇ ಕೆಲಸಕ್ಕೆ. ಬ್ಯಾರನ್ ತುಂಬ ಸೊಪ್ಪು ಕಟ್ಟಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಕಿಂಡಿಯಲ್ಲಿ ಶಾಖದ ಮಾಪಕ ನೋಡುವುದು. ಶಾಖ ಇಳಿದರೆ ಸೌದೆ ತಳ್ಳುವುದು, ಏರಿದರೆ ಎಳೆಯುವುದು. ನೀರಿಗೂ ಬ್ಯಾರನ್‌ಗೂ ಸಂಬಂಧವೇ ಇಲ್ಲ. ಒಳಗೆ ನೀರಿನ ಪಸೆ ಉಳಿಯದಂತೆ ನೋಡಿಕೊಳ್ಳುವುದೇ ನಮ್ಮ ವಿದ್ಯೆ. ನಾನು ಮಕ್ಕಳಿಗೆಲ್ಲ ಸೀಟಿ ಊದುತ್ತಿದ್ದೆ, ಉಗಿ ಖರ್ಚಾಗಿ ಒತ್ತಡದ ಮಾಪಕದ ಮುಳ್ಳು ಇಳಿಯುತ್ತಿತ್ತು, ನಾನು ಸೌದೆ ತಳ್ಳುತ್ತಿದ್ದೆ. ಮುಳ್ಳು ಮತ್ತೆ ಏರುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಪರಂಪರೆಯ ಬಗ್ಗೆ ಭಾಷಣ ಬೇರೆ ಮಾಡುತ್ತಿದ್ದೆ. ನಡುವೆ ತಲೆ ಕಾದು ಬೆವರಿಳಿಯಿತು. ಟೋಪಿ ತೆಗೆದು ಕೈಗೆ ಸಿಕ್ಕಿದ ಕಡೆ ತಗುಲಿಹಾಕಿದೆ. ಆ ಜಾಗ ನೀರಿನ ಗಾಜು.

ಊಟದ ಸಾಲು ಉದ್ದ ಇತ್ತು. ಒಂದೂವರೆ ಗಂಟೆ ಹೊತ್ತು ಕಳೆದಿರಬೇಕು. ಗೂಡಿನೊಳಗೆ ಬುಸ್ಸೆಂದು ಸದ್ದಾಯಿತು. ಉಗಿ, ಬೂದಿ, ಕೆಂಡದ ಚೂರು ಎಲ್ಲ ಬಾಗಿಲಿಂದ ಹೊರಗೆ ನುಗ್ಗಿತು. ನಾನು ಹೇಗೆ ಕೆಳಗೆ ಬಂದೆನೋ ನನಗೇ ಗೊತ್ತಿಲ್ಲ. ಯಾರಿಗೂ ಏನೂ ಆಗಲಿಲ್ಲ, ಮುಂದೆ ನಿಂತಿದ್ದ ಗಣ್ಯರ ಬಿಳಿ ಬಟ್ಟೆ ಬೂದುಬಣ್ಣವಾಯಿತು ಅಷ್ಟೆ. ಮಾದಣ್ಣ ಎಲೆ ಬಿಟ್ಟು, ಕೈಯಲ್ಲಿ ಸಾರು ಮೆತ್ತಿಕೊಂಡೇ ಓಡಿ ಬಂದರು. ಮೇಲೆ ಹತ್ತಿ ಗಾಜಿನ ಮೇಲಿದ್ದ ಟೋಪಿ ಎತ್ತಿದರು. ಗಾಜಿನಲ್ಲಿ ಒಂದು ಹನಿ ನೀರಿರಲಿಲ್ಲ. ಕೆಳಗಿಳಿದು ಟೋಪಿಯನ್ನು ನನ್ನ ಕೈಗೆ ಕೊಟ್ಟರು.

ಅಷ್ಟರಲ್ಲಿ ನೀಲಕಂಠಸ್ವಾಮಿ ಮೈಕು ಹಿಡಿದಿದ್ದರು. ಯಾರೂ ಗಾಬರಿಯಾಗಬೇಡಿ, ನಮ್ಮ ಡ್ರೈವರ್ ಅಜ್ಜನಿಗೆ ವಯಸ್ಸಾಗಿದೆ, ನೀರು ಬಿಡುವುದು ಮರೆತಿದ್ದಾರೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿ ಅಂದರು. ಅವರಿಗೆ ಗೊತ್ತಿರಲಿಲ್ಲ, ತಪ್ಪಿಲ್ಲ. ಮಾದಣ್ಣ ನನ್ನ ಮುಖ ನೋಡಿದರು. ಹೇಳಲು ಒಂದೇ ಒಂದು ಮಾತು ಸಾಕಿತ್ತು. ನಾನು ಟೋಪಿ ಹಾಕಿಕೊಂಡು ಸರಿಮಾಡಿಕೊಂಡೆ.

ವಿಡಿಯೋ ಸಂಜೆಯೊಳಗೆ ನಾಲ್ಕು ತಾಲ್ಲೂಕು ಸುತ್ತಿತು. ‘ವೃದ್ಧ ಚಾಲಕನ ಮರೆವು, ತಪ್ಪಿದ ಅನಾಹುತ’ ಎಂದು ಯಾರೋ ಬರೆದಿದ್ದರು. ಮಾದಣ್ಣ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಮಂಡಿ ನೋವಿರಬೇಕು ಅಂದುಕೊಂಡೆ, ಬಸ್ಸು ಸರಿಯಿಲ್ಲ ಅಂದುಕೊಂಡೆ. ಒಂದು ತಿಂಗಳು ಬಿಟ್ಟು ನಾನೇ ಅವರ ಊರಿಗೆ ಹೋದೆ. ಅವರು ಜಗಲಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಸೊಸೆ ಶಾಂತಲಾ ಕಾಫಿ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು ಕಷ್ಟ ಹೇಳಿಕೊಂಡಳು. ಮಾವನಿಗೆ ಅರಳುಮರಳು ಶುರುವಾಗಿದೆ, ನೀವೇ ನೋಡಿದ್ದೀರಲ್ಲ ಅಂದಳು. ದಿನಾ ಬೆಳಿಗ್ಗೆ ಎದ್ದು ಬಚ್ಚಲ ಒಲೆ ಹಚ್ಚಿ ಮನೆಮಂದಿಗೆಲ್ಲ ನೀರು ಕಾಯಿಸುತ್ತಿದ್ದದ್ದು ಅವರೇ. ಈಗ ಬೆಂಕಿಪೊಟ್ಟಣ ಅವರ ಕೈಗೆ ಸಿಗದಂತೆ ಎತ್ತಿಟ್ಟಿದ್ದೇವೆ, ಎಲ್ಲಾದರೂ ಬೆಂಕಿ ಇಟ್ಟುಬಿಟ್ಟರೆ ಗತಿಯೇನು ಅಂದಳು. ಒಳ್ಳೆಯ ಹೆಣ್ಣುಮಗಳು, ಭಯಕ್ಕೆ ಹೇಳಿದ್ದು. ಹೂಂ, ಜೋಪಾನವಾಗಿ ನೋಡಿಕೊಳ್ಳಮ್ಮ ಎಂದು ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ನನ್ನ ಜನ್ಮದಲ್ಲಿ ಅಂಥ ಹೇಸಿಗೆ ಕೆಲಸ ನಾನು ಇನ್ನೊಂದು ಮಾಡಿಲ್ಲ.

ಮನೆಗೆ ಬಂದು ಎಲ್ಲವನ್ನೂ ಭಾಗ್ಯಮ್ಮನಿಗೆ ಹೇಳಿದೆ. ಅವಳು ನನ್ನನ್ನು ಬೈಯಲೂ ಇಲ್ಲ, ಎರಡು ದಿನ ಮಾತು ಬಿಟ್ಟಳು. ಹುಣಸೂರಿನಲ್ಲಿ ನಡೆಯಲಿದ್ದ ಮುಂದಿನ ಪ್ರದರ್ಶನದಲ್ಲಿ, ಅದೇ ಮೈಕಿನಲ್ಲಿ, ಎಲ್ಲರ ಎದುರು ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನ ಮಾಡಿದೆ. ಬೆಂಕಿ ಹಾಕದೆ ರೋಲರನ್ನು ಸುಮ್ಮನೆ ನಿಲ್ಲಿಸಿದ್ದೆ. ಕಾರು ಕಳಿಸಿ ಮಾದಣ್ಣನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದೆ.

ಮೈಕು ಹಿಡಿದು ಇದ್ದದ್ದು ಇದ್ದ ಹಾಗೆ ಹೇಳಿದೆ. ಸೀಸ ಕರಗಿಸಿದವನು ನಾನು, ಅವರು ಊಟಕ್ಕೆ ಹೋಗಿದ್ದರು, ನೀರಿನ ಗಾಜಿಗೆ ಟೋಪಿ ಹಾಕಿ ಕುಣಿಯುತ್ತಿದ್ದೆ ಅಂದೆ. ಟೋಪಿ ಅಂದದ್ದೇ ತಡ, ಮೈದಾನವೆಲ್ಲ ನಗು. ನಾನು ನಗಬೇಡಿ ಎಂದಷ್ಟೂ ನಕ್ಕರು. ಆರು ವರ್ಷ ನನ್ನ ಮೇಲೆ ನಾನೇ ಕಟ್ಟಿ ಹೇಳಿದ ಕಥೆಗಳನ್ನು ಕೇಳಿದವರಿಗೆ ಇದೂ ಒಂದು ಹೊಸ ಕಥೆ. ನೀಲಕಂಠಸ್ವಾಮಿಯವರಂತೂ ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿಕೊಂಡರು. ಮುದುಕನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವ ಇಂಥ ದೊಡ್ಡ ಗುಣ ಎಷ್ಟು ಜನಕ್ಕಿದೆ ಎಂದು ಮೈಕಿನಲ್ಲೇ ಕೇಳಿದರು. ಶಾಲು ಹೊದಿಸಿದರು. ಮಾದಣ್ಣನ ಪಕ್ಕದಲ್ಲಿ ಕೂತವರು ಅವರ ಬೆನ್ನು ಸವರಿ, ನೀವು ಪುಣ್ಯವಂತರು ಅಂದರಂತೆ.

ವಾಪಸು ಬಿಡಲು ನಾನೇ ಕಾರಿನಲ್ಲಿ ಹೋದೆ. ಶಾಲು ನನ್ನ ತೊಡೆಯ ಮೇಲೇ ಇತ್ತು. ಅರ್ಧ ದಾರಿಯಲ್ಲಿ ಅವರು ಕಿಟಕಿಯಿಂದ ಆಚೆ ನೋಡುತ್ತಲೇ ಹೇಳಿದರು:

“ಊರ್ಗೆಲ್ಲಾ ಯಾಕ್ ಯೋಳೀರಿ, ಬುಡಿ. ನಮ್ಮನೇಲಿ ಯೋಳಿ.”

ಜಗಲಿಯ ಮೇಲೆ ಶಾಂತಲಾಳನ್ನು ಕರೆದು ಕೂರಿಸಿದೆವು. ಅಭ್ಯಾಸ ಬಲ, ನನ್ನಂಥ ದಡ್ಡನಿಗೆ ದೇವರು ಹತ್ತು ಟನ್ ಕಬ್ಬಿಣ ಕೊಟ್ಟ ನೋಡಮ್ಮ ಎಂದು ಶುರು ಮಾಡಿದೆ. ಅವಳ ಮುಖದಲ್ಲಿ ನಗು ಮೂಡತೊಡಗಿತು. ನನಗೆ ಭಯವಾಯಿತು. ಮಾತು ನಿಲ್ಲಿಸಿದೆ. ಮತ್ತೆ ಮೊದಲಿನಿಂದ, ಎಲ್ಲೂ ನಗಿಸದೆ ಹೇಳಿದೆ. ನಿಮ್ಮ ಮಾವನಿಗೆ ಯಾವ ಮರೆವೂ ಇಲ್ಲ, ನೀರು ನೋಡು ಅಂತ ಹೇಳಿಯೇ ಹೋಗಿದ್ದರು, ನಾನು ನೋಡಲಿಲ್ಲ, ಬೇರೆಯವರು ಅವರ ಹೆಸರು ಹೇಳಿದಾಗ ನನ್ನ ಮಾನ ಉಳಿಯಲಿ ಎಂದು ಸುಮ್ಮನಿದ್ದೆ.

ಶಾಂತಲಾ ಕೇಳಿದಳು:

“ಆವತ್ತು ಇಲ್ಲೇ ಕೂತು ಕಾಫಿ ಕುಡುದ್ರಲ್ಲ. ಆವತ್ತೇ ಯಾಕ್ ಯೋಳ್ನಿಲ್ಲ?”

ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬೆಂಕಿಪೊಟ್ಟಣ ತಂದು ಮಾವನ ಕೈಗೆ ಕೊಟ್ಟಳು. ತಪ್ಪಾಯ್ತು ಮಾವ ಅಂದಳು. ಅಂದದ್ದು ಅವಳು, ಅನ್ನಬೇಕಾದವನು ಪಕ್ಕದಲ್ಲೇ ಕೂತಿದ್ದೆ. ಮಾದಣ್ಣ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಎದ್ದು ಹಿತ್ತಿಲ ಬಚ್ಚಲಿಗೆ ನಡೆದರು. ಹಂಡೆಯ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು. ಕಂಠದವರೆಗೆ ತುಂಬುವಂತೆ ಇನ್ನೂ ಎರಡು ಬಿಂದಿಗೆ ಹೊಯ್ದರು. ಆಮೇಲೆ ಕಡ್ಡಿ ಗೀರಿದರು.